ಸರೇಸು ಎಂಬ ಪದದ ವಾಸನೆ

ಸರೇಸು ಎಂದು ಬರೆದರೆ ಸಾಕು, ಈಗಲೂ ನನ್ನ ಮೂಗು ತಾನಾಗಿಯೇ ಮುದುಡಿಕೊಳ್ಳುತ್ತದೆ. ಡಬ್ಬಿಯಲ್ಲಿ ಬಿಳಿ ಅಂಟು ಬರುವುದಕ್ಕೆ ಮೊದಲು ಬಡಗಿಗಳು ಹಲಗೆಗೆ ಹಲಗೆ ಕೂಡಿಸಲು ಬಳಸುತ್ತಿದ್ದ ಅಂಟಿಗೆ ನಮ್ಮ ಕಡೆಯ ಹೆಸರು ಅದು. ದನ, ಎಮ್ಮೆಗಳ ತೊಗಲಿನ ಚೂರುಗಳನ್ನು ಸುಣ್ಣದಲ್ಲಿ ನೆನೆಹಾಕಿ, ತೊಳೆದು, ಕುದಿಸಿ, ಸೋಸಿ, ಒಣಗಿಸಿ ಅದನ್ನು ಮಾಡುತ್ತಿದ್ದರು. ಒಣಗಿದ ಮೇಲೆ ನೋಡಲು ಥೇಟ್ ಬೆಲ್ಲದ ಅಚ್ಚು. ಅದನ್ನೇ ನೆನೆಸಿ ಕಾಯಿಸಿದರೆ, ಮಾಡಿನಲ್ಲಿ ಇಲಿ ಸತ್ತುಬಿದ್ದ ಮನೆಯ ನಾತ.

ಬ್ಯಾಡಗಿಯಲ್ಲಿ ನಮ್ಮಪ್ಪನ ಕೆಲಸದ ಮನೆ ಮೆಣಸಿನಕಾಯಿ ಅಂಗಡಿಗಳ ಹಿಂದಿನ ಓಣಿಯಲ್ಲಿತ್ತು. ಮುಂದಿನಿಂದ ಖಾರದ ಘಾಟು, ಹಿತ್ತಲಿನಿಂದ ಸರೇಸಿನ ನಾತ. ಸೀನು ಮುಗಿಯುವಷ್ಟರಲ್ಲಿ ವಾಕರಿಕೆ ಶುರುವಾಗುತ್ತಿತ್ತು. ಅಪ್ಪ ದೊಡ್ಡ ಪಾತ್ರೆಯಲ್ಲಿ ನೀರು ಕಾಯಲಿಟ್ಟು, ಅದರೊಳಗೆ ಸಣ್ಣ ತಾಮ್ರದ ಪಾತ್ರೆ ಕೂರಿಸಿ ಸರೇಸು ಕರಗಿಸುತ್ತಿದ್ದ. ನೇರವಾಗಿ ಬೆಂಕಿ ತಾಗಿದರೆ ಅದರ ಸತ್ವ ಹೋಗುತ್ತದೆ, ನಾತ ಮಾತ್ರ ಉಳಿಯುತ್ತದೆ. ಕರಗಿದ ಮೇಲೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಹನಿ ಇಟ್ಟು ಹಿಗ್ಗಿಸಿ ನೋಡುತ್ತಿದ್ದ. ಎಳೆ ಹರಿಯದಿದ್ದರೆ ಹದ ಬಂತೆಂದು ಅರ್ಥ. ಆ ಬೆರಳುಗಳನ್ನು ಧೋತರಕ್ಕೆ ಒರೆಸಿಕೊಂಡು ಅದೇ ಕೈಯಿಂದ ನನ್ನ ಗಲ್ಲ ಹಿಂಡಲು ಬರುತ್ತಿದ್ದ. ನಾನು ಹಿತ್ತಲ ಬಾಗಿಲಿನಿಂದ ಓಡಿಹೋಗುತ್ತಿದ್ದೆ.

ಇದೆಲ್ಲ ಮರೆತುಹೋಗಿದೆ ಎಂದುಕೊಂಡಿದ್ದೆ. ಹೈಸ್ಕೂಲಿನಲ್ಲಿ ಕನ್ನಡ, ಸಂಸ್ಕೃತ ಕಲಿಸಿ ನಿವೃತ್ತಳಾಗಿ ರಾಣೆಬೆನ್ನೂರಿನಲ್ಲಿ ಹಾಯಾಗಿದ್ದೆ. ಅಷ್ಟರಲ್ಲಿ ಹಾವೇರಿಯಿಂದ ನಮ್ಮ ಬಡಗಿಗಳ ಸಂಘದ ಅಧ್ಯಕ್ಷರು ಕಾರಿನಲ್ಲಿ ಬಂದಿಳಿದರು. ಇವರು ಹಾವೇರಿಯಲ್ಲಿ ದೊಡ್ಡ ಫರ್ನಿಚರ್ ಅಂಗಡಿ ಇಟ್ಟವರು. ಬೆರಳಿಗೊಂದು ಉಂಗುರವಿದ್ದ ಆ ಕೈ ಉಳಿ ಹಿಡಿದ ಕೈಯಲ್ಲ. ಸಂಘದ ಹೊಸ ಭವನದ ಉದ್ಘಾಟನೆ ಇತ್ತಂತೆ, ಅದಕ್ಕೊಂದು ಸ್ಮರಣ ಸಂಚಿಕೆ ತರುತ್ತಿದ್ದರಂತೆ.

"ಅಕ್ಕಾರ, ನಮ್ಮ ಕೆಲಸದ ಶಬ್ದ ಎಲ್ಲಾ ಎಲ್ಲಿಂದ ಬಂದಾವ ಅಂತ ಒಂದು ಲೇಖನ ಬರದು ಕೊಡ್ರಿ. ಎಲ್ಲಾ ಸಂಸ್ಕೃತದಿಂದನ ಬಂದಾವ ಅನ್ನೂದು ಮಂದಿಗೆ ಗೊತ್ತಾಗಬೇಕ ನೋಡ್ರಿ."

"ಎಲ್ಲಾ ಅಲ್ಲಿಂದ ಬಂದಿಲ್ಲಲ್ರಿ," ಎಂದೆ.

"ಬಂದಿಲ್ಲ ಅಂದ್ರೇನಾತು ಬಿಡ್ರಿ. ನೀವು ಬರದ್ರ ಬರ್ತಾವ."

ಈ ಮಾತಿಗೇ ಅವರನ್ನು ಎಬ್ಬಿಸಿ ಕಳಿಸಬೇಕಿತ್ತು. ಆದರೆ ಯಾರಾದರೂ ಪದಗಳ ಬಗ್ಗೆ ಬರೆಯಿರಿ ಎಂದರೆ ನನಗೆ ತಡೆದುಕೊಳ್ಳಲಾಗುವುದಿಲ್ಲ. ಮಂದಿ ಸೀರೆ ಕೂಡಿಸಿದಂತೆ ನಾನು ನಿಘಂಟು ಕೂಡಿಸಿದವಳು. ಒಪ್ಪಿಕೊಂಡೆ.

ಕೆಲಸ ಸಲೀಸಾಗಿ ಶುರುವಾಯಿತು. ಉಳಿ ನಮ್ಮದೇ ಕನ್ನಡದ್ದು. ಗರಗಸ ಸಂಸ್ಕೃತದ ಕ್ರಕಚ, ಬಾಯಿಂದ ಬಾಯಿಗೆ ಸವೆದು ನಮ್ಮ ಕೈಗೆ ಬಂದದ್ದು. ಹಲಗೆ ನುಣುಪು ಮಾಡುವ ರಂದಾ ಪಾರಸಿಯದು. ತೂತು ಕೊರೆಯುವ ಗಿರಮಿಟ್ಟು ಇಂಗ್ಲಿಷಿನಿಂದ ಹೊರಟು, ಮರಾಠಿಯವರ ಮನೆಯಲ್ಲಿ ವಸ್ತಿ ಮಾಡಿ, ನಮ್ಮಲ್ಲಿಗೆ ಬಂದು ಈಗ ಒಂದು ತಿಂಡಿಯ ಹೆಸರೂ ಆಗಿ ಚುರುಮುರಿ ತಟ್ಟೆಯಲ್ಲಿ ಕುಳಿತಿದೆ. ಬಡಗಿಯ ಪೆಟ್ಟಿಗೆಯಲ್ಲಿ ನಾಲ್ಕು ದಿಕ್ಕಿನ ಮಂದಿ ಜಗಳವಿಲ್ಲದೆ ಇರುವುದನ್ನು ನೋಡಿ ನನಗೆ ಖುಷಿಯಾಯಿತು. ಆಮೇಲೆ ಸರೇಸಿನ ಹತ್ತಿರ ಬಂದೆ.

ಮರಾಠಿಯಲ್ಲಿ ಅದು ಸರಸ, ಹಿಂದಿ ಮತ್ತು ಉರ್ದುವಿನಲ್ಲಿ ಸರೇಸ, ಪಾರಸಿಯಲ್ಲಿ ಸಿರೇಶ್. ಇನ್ನೂ ಹಿಂದಕ್ಕೆ ಹೋದರೆ ಪಾರಸಿಗೂ ಸಂಸ್ಕೃತಕ್ಕೂ ತಾಯಿಯಾದ ಭಾಷೆಯಲ್ಲಿ ಹತ್ತಿಕೊಳ್ಳು, ಅಂಟಿಕೊಳ್ಳು ಎಂಬ ಅರ್ಥದ ಒಂದು ಧಾತು. ಪಾರಸಿಯ ಕಡೆಗೆ ಅದು ತೊಗಲಿನ ಅಂಟಾಯಿತು. ಸಂಸ್ಕೃತದ ಕಡೆಗೆ ಶ್ಲಿಷ್ ಎಂದಾಯಿತು, ಅದರಿಂದ ಆಶ್ಲೇಷ ಬಂತು, ಎಂದರೆ ಅಪ್ಪುಗೆ. ಅದರಿಂದಲೇ ಶ್ಲೇಷ್ಮವೂ ಬಂತು, ಎಂದರೆ ಕಫ, ಸಿಂಬಳ. ಪ್ರೇಮಿಗಳ ಅಪ್ಪುಗೆ, ನೆಗಡಿಯಾದವನ ಸಿಂಬಳ, ಸತ್ತ ಎಮ್ಮೆಯ ತೊಗಲು ಕುದಿಸಿದ ಅಂಟು, ಮೂರೂ ಒಂದೇ ತಾಯಿಯ ಮಕ್ಕಳು. ಅದನ್ನು ಓದಿದ ದಿನ ನಾನು ಊಟ ಅರ್ಧಕ್ಕೇ ಬಿಟ್ಟು ಎದ್ದೆ, ಹಾಗೆಯೇ ಮನಸ್ಸಿನಲ್ಲಿ ಆ ಹಳೆಯ ಮಂದಿಗೆ ಶಹಬ್ಬಾಸ್ ಎಂದೂ ಅಂದೆ. ಒಂದಕ್ಕೊಂದು ಹತ್ತಿಕೊಳ್ಳುವ ವಸ್ತುವಿನಲ್ಲಿ ಹೇಸಿಗೆಯೂ ಪ್ರೀತಿಯೂ ಕೂಡಿಯೇ ಇರುತ್ತವೆಂದು ಅವರಿಗೆ ಗೊತ್ತಿತ್ತು. ನಮ್ಮ ಕನ್ನಡದ ಅಂಟು ಎಂಬ ಪದವೂ ಕಡಿಮೆಯದಲ್ಲ. ಅಂಟುಮುಟ್ಟು ಎಂದು ಮೈಲಿಗೆಗೂ ಅದನ್ನೇ ಹೇಳಿ ನಾವು ದೂರ ನಿಲ್ಲುತ್ತೇವೆ.

ಈ ದೂರ ನಿಲ್ಲುವುದು ನನಗೆ ನಿಘಂಟಿನಿಂದ ತಿಳಿದದ್ದಲ್ಲ.

ನಮ್ಮ ಮನೆಗೆ ಸರೇಸು ತರುತ್ತಿದ್ದವಳು ಕಾಗಿನೆಲೆ ರಸ್ತೆಯ ಕಡೆಯ ಒಂದು ಹಳ್ಳಿಯ ಹೆಂಗಸು, ತೊಗಲು ಹದ ಮಾಡುವ ಮನೆತನದವಳು. ಸಂತೆಯ ದಿನ ತಲೆಯ ಮೇಲೆ ಬುಟ್ಟಿ ಹೊತ್ತು, ಮಗಳನ್ನು ಹಿಂದೆ ಕರೆದುಕೊಂಡು ನಡೆದು ಬರುತ್ತಿದ್ದಳು. ನಮ್ಮ ಮನೆಯಲ್ಲಿ ಅವಳಿಗೆ ಹೆಸರಿರಲಿಲ್ಲ, ಸರೇಸಿನಾಕಿ ಎನ್ನುತ್ತಿದ್ದರು. ಹಿತ್ತಲ ಬಾಗಿಲ ಹೊರಗೆ ಒಂದು ಚಪ್ಪಟೆ ಕಲ್ಲಿತ್ತು. ಅದರ ಮೇಲೆ ಅಚ್ಚುಗಳನ್ನು ಜೋಡಿಸಿಟ್ಟು ಅವಳು ಹತ್ತು ಹೆಜ್ಜೆ ಹಿಂದೆ ಸರಿದು ನಿಲ್ಲಬೇಕು. ಆಮೇಲೆ ಅಪ್ಪ ಕರ್ಪೂರ ಹಚ್ಚಿ ಕಲ್ಲಿನ ಸುತ್ತ ಮೂರು ಸುತ್ತು ತಿರುಗಿಸುತ್ತಿದ್ದ. ಅಷ್ಟಾದ ಮೇಲೆ ಅದು ಒಳಗೆ ಬರಬಹುದಿತ್ತು, ಆದರೆ ಹೆಸರು ಬದಲಿಸಿಕೊಂಡು. ಓಣಿಯಲ್ಲಿ ಅದು ಸರೇಸು. ಹೊಸ್ತಿಲು ದಾಟಿದ ಮೇಲೆ ವಜ್ರ. ಗುಡಿಯ ಬಾಗಿಲು ಮಾಡಿಸಲು ಬಂದ ಪಂಚರು, ಅಂಟು ಯಾವುದರದ್ದು ಎಂದು ಕೇಳಿದರೆ ಅಪ್ಪ ಕಣ್ಣು ಮಿಟುಕಿಸದೆ, "ವಜ್ರ ರೀ, ಮರದ್ದ," ಎನ್ನುತ್ತಿದ್ದ. ಪಂಚರೂ ನಂಬುತ್ತಿದ್ದರು. ನಂಬಿದಂತೆ ಮಾಡುತ್ತಿದ್ದರು ಎನ್ನುವುದೇ ಸರಿ, ಏಕೆಂದರೆ ಅವರಿಗೂ ಮೂಗಿತ್ತು.

ನನಗೆ ಆಗ ಏಳು ವರ್ಷ. ಒಂದು ಸಂತೆಯ ದಿನ ಅಪ್ಪ ಕರ್ಪೂರ ಹುಡುಕಲು ಒಳಗೆ ಹೋಗಿದ್ದ. ಕಲ್ಲಿನ ಮೇಲೆ ಬಿಸಿಲಿಗೆ ಅಚ್ಚುಗಳು ಜೇನಿನ ಬಣ್ಣಕ್ಕೆ ಹೊಳೆಯುತ್ತಿದ್ದವು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಮೊದಲು ಏನೂ ಅನ್ನಿಸಲಿಲ್ಲ. ಆಮೇಲೆ ಅದು ಮೆತ್ತಗಾಗಿ ಅಂಗುಳಕ್ಕೆ ಹತ್ತಿಕೊಂಡಿತು, ಗಂಟಲಿನಿಂದ ನಾತ ಮೇಲೆದ್ದಿತು. ಉಗುಳಿದರೆ ಬರಲಿಲ್ಲ, ನುಂಗಿದರೆ ಹೋಗಲಿಲ್ಲ. ನಾನು ಬಿದ್ದು ಒದ್ದಾಡುತ್ತ ವಾಂತಿ ಮಾಡಿಕೊಂಡೆ.

ಸರೇಸಿನಾಕಿ ಓಡಿಬಂದಳು. ತನ್ನ ಬುಟ್ಟಿಯಲ್ಲಿದ್ದ ಸಣ್ಣ ಗಿಂಡಿಯ ನೀರು ನನ್ನ ಬಾಯಿಗೆ ಹಿಡಿದಳು. "ಮುಕ್ಕಳಸವ್ವಾ, ಮುಕ್ಕಳಸಿ ಉಗಳು, ಏನೂ ಆಗಂಗಿಲ್ಲ," ಎಂದಳು. ನೀರು ತುಟಿಗೆ ತಾಗುವಷ್ಟರಲ್ಲಿ ನಮ್ಮಜ್ಜಿ ಕಸಬರಿಗೆಯಿಂದ ಆ ಗಿಂಡಿಗೆ ಬೀಸಿ ಹೊಡೆದಳು. ಅದು ಉರುಳಿ ಆ ಹುಡುಗಿಯ, ಎಂದರೆ ಅವಳ ಮಗಳ, ಕಾಲ ಹತ್ತಿರ ಹೋಗಿ ನಿಂತಿತು. ಹುಡುಗಿ ಅದನ್ನು ಎತ್ತಿಕೊಂಡು ಎದೆಗೆ ಹಿಡಿದು ನಿಂತಳು. ನನಗಿಂತ ಎರಡು ವರ್ಷಕ್ಕೆ ದೊಡ್ಡವಳಿರಬೇಕು.

ಅಜ್ಜಿ ನನ್ನ ರಟ್ಟೆ ಹಿಡಿದು ಕೇಳಿದ್ದು ಒಂದೇ ಪ್ರಶ್ನೆ. "ಕರ್ಪೂರ ತೋರ್ಸೂಕಿಂತ ಮುಂಚೆ ತಿಂದಿಯೋ, ಆಮ್ಯಾಲೆ ತಿಂದಿಯೋ?"

ನಾನು ಬಾಯಿ ತೆರೆಯಲಾಗದೆಯೂ ನಿಜ ಹೇಳಿದೆ. "ಮುಂಚೆ."

ಆಮೇಲೆ ಎಂದಿದ್ದರೆ ಬಚಾವಾಗುತ್ತಿದ್ದೆ. ಮುಂಚೆ ತಿಂದಿದ್ದರಿಂದ ಒಳಗೆ ಕರೆದುಕೊಂಡು ಹೋಗಿ, ಅಜ್ಜಿ ತನ್ನ ಬಂಗಾರದ ಉಂಗುರವನ್ನು ಕೆಂಡದ ಮೇಲೆ ಕಾಯಿಸಿ ನನ್ನ ನಾಲಿಗೆಗೆ ಮುಟ್ಟಿಸಿದಳು. ಹಾಗೆ ಮಾಡಿದರೆ ನಾಲಿಗೆ ಶುದ್ಧವಾಗುತ್ತದೆಯಂತೆ. ಎಂಟು ದಿನ ನಾನು ಗಂಜಿ ಕುಡಿದೆ. ಮರುದಿನ ಅಪ್ಪ ಅದೇ ಕಲ್ಲಿನ ಮೇಲಿನ ಅದೇ ಅಚ್ಚುಗಳನ್ನು ಕರಗಿಸಿ ಗುಡಿಯ ಬಾಗಿಲಿನ ಹಲಗೆ ಕೂಡಿಸಿದ. ಆ ಬಾಗಿಲಿಗೆ ಮಂದಿ ಈಗಲೂ ಹಣೆ ಹಚ್ಚಿ ನಮಸ್ಕಾರ ಮಾಡುತ್ತಾರೆ, ಹಲಗೆ ಒಂದು ಕೂದಲೆಳೆಯಷ್ಟೂ ಬಿಟ್ಟಿಲ್ಲ.

ಲೇಖನಕ್ಕೆ ಕುಳಿತಾಗ ಇದೆಲ್ಲ ನೆನಪಾಯಿತು. ನಿಘಂಟಿನ ಮಾತಷ್ಟನ್ನೇ ಬರೆದರೆ ನನ್ನ ಸರೇಸೂ ಕರ್ಪೂರ ತೋರಿಸಿದ ಸರೇಸಾಗುತ್ತದೆ ಎನ್ನಿಸಿತು. ಮಾಡಿದವರನ್ನು ಕೇಳದೆ ಬರೆಯಬಾರದೆಂದು ಬ್ಯಾಡಗಿಗೆ ಹೋದೆ. ನಮ್ಮ ಕೆಲಸದ ಮನೆಯಲ್ಲಿ ಈಗ ಪ್ಲೈವುಡ್ಡಿನ ಅಂಗಡಿ, ಹೊರಗೆ ಬಿಳಿ ಅಂಟಿನ ಡಬ್ಬಿಗಳ ಗುಡ್ಡೆ. ಅಲ್ಲಿ ಯಾವ ವಾಸನೆಯೂ ಇಲ್ಲ. ಮುಂದಿನ ಮೆಣಸಿನಕಾಯಿ ಅಂಗಡಿಯ ಮುದುಕರು, ಸರೇಸಿನಾಕಿಯ ಮಗಳು ರಾಣೆಬೆನ್ನೂರಿನಲ್ಲೇ ಇದ್ದಾಳೆ, ಬೀಜದ ಕಂಪನಿಯೊಂದರಲ್ಲಿ ಬೀಜ ಆರಿಸುತ್ತಾಳೆ ಎಂದರು. ಇಷ್ಟು ವರ್ಷ ನಾನೂ ಅವಳೂ ಒಂದೇ ಊರಿನಲ್ಲಿ ಇದ್ದೆವು.

ಅವಳ ಮನೆ ನನ್ನ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿ. ಎರಡು ಕೋಣೆ, ಬಣ್ಣ ಬಳಿದ ಗೋಡೆ, ಒರೆಸಿ ಒರೆಸಿ ಹೊಳೆಯುವ ನೆಲ. ನಾನು ಯಾರೆಂದು ಹೇಳಿದ ಕೂಡಲೇ ಅವಳು ನಕ್ಕಳು.

"ನಾಲಿಗಿ ಸುಡಿಸಿಕೊಂಡಾಕಿ ಹೌದಲ್ರಿ ನೀವು? ಬರ್ರಿ, ಕುಂದ್ರಿ ಅಕ್ಕಾರ. ಚಾ ಮಾಡ್ತೇನಿ."

"ಚಾ ಬ್ಯಾಡ್ರಿ, ನನಗ ಸಕ್ರಿ ಬ್ಯಾನಿ ಐತಿ," ಎಂದೆ.

"ಸಕ್ರಿ ಹಾಕಂಗಿಲ್ಲ."

"ಈಗರ ಕುಡದು ಬಂದೇನ್ರಿ," ಎಂದೆ. ಅವಳು ಒತ್ತಾಯ ಮಾಡಲಿಲ್ಲ.

ನಾನು ರೀ ಹಚ್ಚಿ ಮಾತಾಡಿದ್ದು ಅವಳಿಗೆ ಮೋಜೆನಿಸಿತು. ನಿಮ್ಮಜ್ಜಿ ಕೇಳಿಸಿಕೊಂಡಿದ್ದರೆ ನಿಮ್ಮ ನಾಲಿಗೆಯನ್ನು ಇನ್ನೊಮ್ಮೆ ಸುಡುತ್ತಿದ್ದಳು ಎಂದು ನಗಾಡಿದಳು. ಆಮೇಲೆ ಕೆಲಸದ ಮಾತಿಗೆ ಬಂದೆವು. ನಿಮ್ಮ ಮನೆಯಲ್ಲಿ ಸರೇಸಿಗೆ ಏನೆನ್ನುತ್ತಿದ್ದಿರಿ ಎಂದು ಕೇಳಿದೆ. ದೊಡ್ಡ ಹೆಸರು ಏನಾದರೂ ಸಿಗುತ್ತದೆ ಎಂದು ನೋಟ್‌ಬುಕ್ ತೆರೆದು ಕುಳಿತಿದ್ದೆ.

"ಮಾಲು ಅಂತಿದ್ವಿ. ಮಾಲು ಆತೇನು, ಮಾಲು ಒಣಗ್ತೇನು, ಅಷ್ಟ. ಹೆಸರು ಇಟ್ಟು ಕರಿಯಾಕ ಅದೇನು ನಮ್ಮ ಕೂಸಾ?"

ಹದ ಹೇಗೆ ನೋಡುತ್ತಿದ್ದಿರಿ ಎಂದು ಕೇಳಿದೆ. ಅಪ್ಪನ ಬೆರಳಿನ ಎಳೆ ನನ್ನ ತಲೆಯಲ್ಲಿತ್ತು.

"ಅದು ನಿಮ್ಮ ಕಡೆ ಬಂದ ಮ್ಯಾಲಿನ ಹದ. ನಮ್ಮ ಹದ ಮೊದಲ ನೋಡಬೇಕ್ರಿ. ತೊಗಲಾಗಿನ ಸುಣ್ಣ ಪೂರಾ ಹೋಗಿರಬೇಕು. ಒಂಚೂರು ಉಳದ್ರ ಅಂಟು ನಿಲ್ಲಂಗಿಲ್ಲ, ವರ್ಷದಾಗ ಬಾಗಿಲ ಬಿಡ್ತೈತಿ. ಏಳು ನೀರಾಗ ತೊಳದ ಮ್ಯಾಲೆ ನಮ್ಮವ್ವ ಒಂದು ಚೂರು ತೊಗಲು ನಾಲಿಗಿ ಮ್ಯಾಲೆ ಇಟ್ಟು ನೋಡ್ತಿದ್ಲು. ಚುರ್ ಅಂದ್ರ ಮತ್ತ ತೊಳಿಯೂದು. ಅನ್ನಲಿಲ್ಲ ಅಂದ್ರ ಒಲಿ ಹಚ್ಚೂದು."

ನನಗೆ ವಾಕರಿಕೆ ಬಂತು. ಮುಚ್ಚಿಡಲು ನೋಟ್‌ಬುಕ್ಕಿನ ಕಡೆ ಬಗ್ಗಿದೆ. ಅವಳು ನೋಡಿಯೂ ನೋಡದವಳಂತೆ ಮುಂದುವರಿಸಿದಳು.

"ಸುಣ್ಣಕ್ಕ ಆಕಿ ನಾಲಿಗಿ ಸತ್ತ ಹೋಗಿತ್ರಿ. ಕಡೀಕಡೀಗೆ ಉಪ್ಪು ತಿಳೀತಿರಲಿಲ್ಲ, ಹುಳಿ ತಿಳೀತಿರಲಿಲ್ಲ. ಬ್ಯಾಡಗಿ ಮೆಣಸಿನಕಾಯಿ ಹಂಗ ಕಚ್ಚಿ ತಿಂತಿದ್ಲು, ಏನೂ ಅನಸ್ತಿರಲಿಲ್ಲ. ಅಡಗಿ ನಾನ ಮಾಡತಿದ್ದೆ."

ನನ್ನ ನಾಲಿಗೆಯನ್ನು ಅಜ್ಜಿ ಒಂದು ಸಲ ಸುಟ್ಟಿದ್ದಳು. ಎಂಟು ದಿನಕ್ಕೆ ವಾಸಿಯಾದ ಆ ಗಾಯವನ್ನು ನಾನು ಜೀವಮಾನವಿಡೀ ಕಥೆ ಮಾಡಿ ಹೇಳಿಕೊಂಡು ಬಂದಿದ್ದೆ. ಇವಳ ಅವ್ವ ಪ್ರತಿ ವಾರ ಸುಟ್ಟುಕೊಂಡಿದ್ದಳು, ನಮ್ಮಪ್ಪನ ಬಾಗಿಲು ಬಿಡಬಾರದೆಂದು. ನಮ್ಮ ಮನೆತನದ ಮೇಲೆ ಆ ಹೊತ್ತು ನನಗೆ ಎಂಥ ಹೇಸಿಗೆ ಬಂತೆಂದರೆ, ಅಪ್ಪ ಎದುರಿಗಿದ್ದರೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ.

ಹೊರಡುವಾಗ ಅವಳು ಬಾಗಿಲವರೆಗೆ ಬಂದಳು. "ಅಕ್ಕಾರ, ಆ ಪುಸ್ತಕದಾಗ ನಮ್ಮವ್ವನ ಹೆಸರು ಹಾಕ್ತೀರೇನ್ರಿ? ಒಂದು ಸಾಲು ಸಾಕು. ಆಕಿ ಹೆಸರು ರೇಷನ್ ಕಾರ್ಡಿನಾಗ ಬಿಟ್ರ ಎಲ್ಲೂ ಇಲ್ಲ. ಆ ಕಾರ್ಡೂ ಈಗ ಇಲ್ಲ."

ಹೆಸರು ಕೇಳಿದೆ, ಹೇಳಿದಳು. ಹೂವಿನ ಹೆಸರು. ಹೂವಿನ ಹೆಸರಿನ ಹೆಂಗಸನ್ನು ನಾವು ಸರೇಸಿನಾಕಿ ಎಂದು ಕರೆದಿದ್ದೆವು. ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಂಡು, "ಹಾಕೇ ಹಾಕ್ತೇನ್ರಿ, ನೀವ ಬಂದು ನೋಡ್ರಿ," ಎಂದು ಮಾತು ಕೊಟ್ಟೆ.

ಬರೆದೆ. ಪದದ ಬೇರು, ಅಪ್ಪನ ವಜ್ರ, ಸುಣ್ಣ, ನಾಲಿಗೆ, ಹೆಸರು ಎಲ್ಲವನ್ನೂ ಬರೆದು ಕಳಿಸಿದೆ. ಎರಡು ದಿನಕ್ಕೆ ಅಧ್ಯಕ್ಷರ ಫೋನು ಬಂತು.

"ಅಕ್ಕಾರ, ಲೇಖನ ಭಾರಿ ಛಲೋ ಐತಿ. ಆದ್ರ ಆ ಸರೇಸು ಬ್ಯಾಡ್ರಿ. ಒಂದು ಅದು ನಮ್ಮ ಶಬ್ದ ಅಲ್ಲ. ಮ್ಯಾಲೆ ತೊಗಲು ಗಿಗಲು. ಊಟದ ದಿನ ಮಂದಿ ಓದತಾರ. ವಜ್ರಲೇಪ ಅಂತ ಸಂಸ್ಕೃತದಾಗ ಐತಂತಲ್ರಿ, ಶ್ಲೋಕನ ನನ್ನ ಫೋನಿಗೆ ಬಂದೈತಿ. ನಿಮ್ಮ ಅಪ್ಪಾರೂ ವಜ್ರ ಅಂತಿದ್ರಲ್ಲ?"

"ಅಂತಿದ್ರು. ಸುಳ್ಳು ಹೇಳ್ತಿದ್ರು," ಎಂದೆ. ಒಂದು ಅಕ್ಷರ ತೆಗೆದರೂ ಲೇಖನ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಜೋರು ಮಾಡಿದೆ. ಅವರು ಕೂಡಲೇ ಮೆತ್ತಗಾದರು.

"ಆತ ಬಿಡ್ರಿ ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಿಮ್ಮದು ಇದ್ದಂಗ ಹಾಕ್ತೇವಿ."

ಗೆದ್ದೆ ಎಂದುಕೊಂಡೆ. ಸರೇಸಿನಾಕಿಯ ಮಗಳಿಗೆ ಫೋನು ಮಾಡಿ ಉದ್ಘಾಟನೆಗೆ ಬರಲೇಬೇಕು ಎಂದೆ. ಬೀಜದ ಕಂಪನಿಯಲ್ಲಿ ಒಂದು ದಿನದ ಪಗಾರ ಬಿಟ್ಟು ಬರಬೇಕಾಗುತ್ತದೆ, ಬರುತ್ತೇನೆ ಎಂದಳು. ನನಗೆ ಅಧ್ಯಕ್ಷರು ಕಾರು ಕಳಿಸಿದರು. ಅವಳು ಬಸ್ಸಿನಲ್ಲಿ ಹಾವೇರಿಗೆ ಬಂದಳು. ಕಾರಿನಲ್ಲಿ ಇನ್ನೂ ಮೂವರಿಗೆ ಜಾಗವಿತ್ತು ಎಂಬುದು ನನಗೆ ಆ ದಿನ ಹೊಳೆಯಲೇ ಇಲ್ಲ.

ಭವನದ ತುಂಬ ಮಂದಿ. ವೇದಿಕೆಯ ಮೇಲೆ ನನಗೂ ಕುರ್ಚಿ, ಶಾಲು, ಹಣ್ಣಿನ ಬುಟ್ಟಿ. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದಲ್ಲಿ ಅವಳು ಕುಳಿತಿದ್ದು ಕಂಡಿತು. ಹಸಿರು ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು ಬಂದಿದ್ದಳು. ಸಂಚಿಕೆಯ ಬಿಡುಗಡೆಯಾಯಿತು, ನನ್ನ ಕೈಗೂ ಒಂದು ಪ್ರತಿ ಬಂತು. ತೆರೆದು ನೋಡಿದೆ. ನನ್ನ ಲೇಖನ ಇತ್ತು, ನನ್ನ ಫೋಟೋ ಇತ್ತು. ಸರೇಸು ಇರಲಿಲ್ಲ. ಆ ಜಾಗದಲ್ಲಿ ಬಳ್ಳಿ ಬಿಡಿಸಿದ ಚೌಕಟ್ಟಿನೊಳಗೆ ಸಂಸ್ಕೃತದ ಶ್ಲೋಕ, ಕೆಳಗೆ ಎರಡು ಸಾಲು: ವಜ್ರಲೇಪವು ನಮ್ಮ ಪೂರ್ವಿಕರು ದೇವಕಾರ್ಯಕ್ಕೆಂದು ಸಿದ್ಧಪಡಿಸುತ್ತಿದ್ದ ಪರಮ ಪವಿತ್ರ ಅಂಟು. ಅದರ ಕೆಳಗೆ ನನ್ನ ಹೆಸರು.

ಶ್ಲೋಕ ಓದಿದೆ. ಇನ್ನೊಮ್ಮೆ ಓದಿದೆ. ಸಂಸ್ಕೃತ ಕಲಿಸಿದವಳಿಗೆ ಅದೇನು ಕಷ್ಟವಲ್ಲ. ದನ, ಎಮ್ಮೆ, ಆಡುಗಳ ಕೋಡು, ಕತ್ತೆಯ ಕೂದಲು, ಎಮ್ಮೆಯ ತೊಗಲು, ಬೇವು ಮತ್ತು ಬೇಲದ ರಸ ಬೆರೆಸಿ ಕಲಸಿದ ಲೇಪದ ಪಾಕ ಅದು. ತೊಗಲು ಬೇಡವೆಂದು ನನ್ನ ಸರೇಸನ್ನು ಹೊರಗೆ ಹಾಕಿ, ಅರ್ಥ ನೋಡದೆ ತೊಗಲು, ಕೋಡು, ಕತ್ತೆ ಕೂದಲನ್ನು ಬಂಗಾರದ ಬಣ್ಣದ ಚೌಕಟ್ಟಿನಲ್ಲಿ ಕೂರಿಸಿದ್ದರು. ನಗು ಬಂತು, ಕೂಡಲೇ ಹೇಸಿಗೆಯೂ ಬಂತು. ಅಷ್ಟರಲ್ಲಿ ಒಬ್ಬ ಶಾಸ್ತ್ರಿಗಳು ಮೈಕಿನ ಮುಂದೆ ನಿಂತು ಅದನ್ನೇ ರಾಗವಾಗಿ ಹೇಳಲು ಶುರುಮಾಡಿದರು. ಅಧ್ಯಕ್ಷರು ಎದ್ದು ಕೈ ಮುಗಿದರು. ಭವನವೆಲ್ಲ ಎದ್ದು ನಿಂತು ಕೈ ಮುಗಿಯಿತು. ನಾನೂ ಎದ್ದು ನಿಂತೆ.

ಆಮೇಲೆ ಮೈಕು ನನ್ನ ಕೈಗೆ ಬಂತು. "ಎರಡು ಮಾತ ಹೇಳ್ರಿ ಅಕ್ಕಾರ," ಎಂದರು ಅಧ್ಯಕ್ಷರು.

ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ಶ್ಲೋಕದ ಅರ್ಥ ಹೇಳಬೇಕು, ಸರೇಸು ಎನ್ನಬೇಕು, ಆ ಹೂವಿನ ಹೆಸರನ್ನು ಹೇಳಬೇಕು. ಎದುರಿನ ಸಾಲಿನಲ್ಲಿ ನನ್ನ ಬೀಗರಿದ್ದರು, ನನ್ನ ಹಳೆಯ ವಿದ್ಯಾರ್ಥಿಗಳಿದ್ದರು, ಊಟದ ವಾಸನೆ ಆಗಲೇ ಬರತೊಡಗಿತ್ತು. ಹೆಗಲ ಮೇಲೆ ಶಾಲು ಬಿಸಿಯಾಗಿತ್ತು.

"ಈ ಗೌರವಕ್ಕೆ ನಾನು ಸಂಘಕ್ಕೆ ಚಿರಋಣಿ," ಎಂದೆ. ಇನ್ನೂ ಏನೇನೋ ಅಂಥದ್ದೇ ಹೇಳಿ ಕುಳಿತೆ. ಚಪ್ಪಾಳೆ ಬಿದ್ದವು.

ಊಟಕ್ಕೆ ಮಂದಿ ನುಗ್ಗುವಾಗ ನಾನು ಹೊರಗೆ ಹೋಗಿ ಅವಳನ್ನು ಹುಡುಕಿದೆ. ಬೇವಿನ ಗಿಡದ ಕೆಳಗೆ ಕಟ್ಟೆಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಸಂಚಿಕೆ ಇತ್ತು.

"ಅಕ್ಕಾರ, ಶಾಸ್ತ್ರಿಗಳು ಹಾಡಿದ್ರಲ್ಲ, ಎಲ್ಲಾರೂ ಕೈ ಮುಗದ್ರು. ಅದೇನ್ರಿ?"

ಅಲ್ಲಿ, ಅವಳೊಬ್ಬಳಿಗೆ, ನಾನು ಅರ್ಥ ಹೇಳಿದೆ. ಕೋಡು, ಕತ್ತೆಯ ಕೂದಲು, ತೊಗಲು ಒಂದೊಂದಾಗಿ ಹೇಳಿದೆ. ಅವಳು ಹುಬ್ಬು ಗಂಟು ಹಾಕಿ ಕೇಳಿದಳು.

"ಕತ್ತಿ ಕೂದಲಾ? ಯಾರ್ರಿ ಬರದಾವ್ರು? ಕೂದಲಾ ಹಾಕಿದ್ರ ಸೋಸೂದ್ರಾಗ ಜೀವ ಹೋಗ್ತೈತಿ." ಆಮೇಲೆ ಜೋರಾಗಿ ನಕ್ಕಳು. "ಉಳದದ್ದೆಲ್ಲಾ ನಮ್ಮವ್ವನ ಕೆಲಸಾನ ಐತಿ. ಹಂಗಾರ ನಮ್ಮವ್ವಗ ಕೈ ಮುಗದ್ರಲ್ರಿ ಇವರೆಲ್ಲಾ!"

ನಗು ನಿಂತ ಮೇಲೆ ಸಂಚಿಕೆಯನ್ನು ನನ್ನ ಕಡೆ ಚಾಚಿದಳು. "ಹೆಸರು ಯಾವ ಪುಟದಾಗ ಐತ್ರಿ? ನನಗ ಸಣ್ಣ ಅಕ್ಷರ ಕಾಣಂಗಿಲ್ಲ."

"ಇಲ್ರಿ. ತಗದಾರ," ಎಂದೆ.

ಅವಳು ಸಂಚಿಕೆಯನ್ನು ಕಟ್ಟೆಯ ಮೇಲಿಟ್ಟಳು. "ನಿಮಗ ಯಾವಾಗ ಗೊತ್ತಾತ್ರಿ? ಮೈಕ್ ಕೊಡೂಕಿಂತ ಮುಂಚೆಯೋ, ಆಮ್ಯಾಲೋ?"

ಆಮೇಲೆ ಎಂದಿದ್ದರೆ ಬಚಾವಾಗುತ್ತಿದ್ದೆ. ಏಳು ವರ್ಷದವಳಿದ್ದಾಗ ಇದ್ದ ಅಷ್ಟು ಪ್ರಾಮಾಣಿಕತೆ ಮಾತ್ರ ನನ್ನಲ್ಲಿ ಉಳಿದಿತ್ತು.

"ಮುಂಚೆ," ಎಂದೆ.

ಬಿಸಿಲು ಬಲು ಜೋರಾಗಿತ್ತು, ನನಗೆ ಗಂಟಲು ಒಣಗಿ ಕೆಮ್ಮು ಬಂತು, ನಿಲ್ಲಲಿಲ್ಲ. ಅವಳು ಚೀಲದಿಂದ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ ನನ್ನ ಮುಂದೆ ಹಿಡಿದಳು. "ಕುಡೀರಿ ಅಕ್ಕಾರ."

ನನ್ನ ಕೈ ಮೇಲೆದ್ದಿತು. ಅರ್ಧಕ್ಕೆ ನಿಂತಿತು. ನಾನು ನಿಲ್ಲಿಸಲಿಲ್ಲ, ಅದೇ ನಿಂತಿತು. ಸಕ್ಕರೆ ಬೇನೆ ಎಂದು ಅವಳ ಚಾ ಬಿಟ್ಟದ್ದೂ ಇದೇ ಕೈ ಎಂದು ಆಗ ನನಗೆ ಗೊತ್ತಾಯಿತು. ಅವಳ ಮನೆಗೆ ಹೋದ ದಿನ ಬೆಳಿಗ್ಗೆಯಿಂದ ನಾನು ಚಾ ಕುಡಿದೇ ಇರಲಿಲ್ಲ. ನಿಘಂಟುಗಳನ್ನೆಲ್ಲ ಓದಿ, ರೀ ಹಚ್ಚಿ ಮಾತಾಡಿ, ಅಧ್ಯಕ್ಷರನ್ನು ಕಂಡು ಹೇಸಿಕೊಂಡ ಈ ಹೆಂಗಸಿನ ಗಂಟಲಲ್ಲಿ ಅಜ್ಜಿ ಇನ್ನೂ ಕಸಬರಿಗೆ ಹಿಡಿದು ಕುಳಿತಿದ್ದಳು. ಒಂದು ಕ್ಷಣವಷ್ಟೇ. ಕೂಡಲೇ ಬಾಟಲಿಗೆ ಕೈ ಚಾಚಿದೆ. ಅಷ್ಟರಲ್ಲಿ ಅವಳು ಮುಚ್ಚಳ ತಿರುಗಿಸಿ ಬಿಗಿ ಮಾಡಿದ್ದಳು.

"ಇರ್ಲಿ ಬಿಡ್ರಿ. ಅಲ್ಲಿ ನಳ ಐತಿ ನೋಡ್ರಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಳದ ಹತ್ತಿರ ಹೋಗಿ ಬೊಗಸೆ ಹಿಡಿದು ಕುಡಿದು ಬಂದೆ. ಅವಳು ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಸಂಚಿಕೆಯನ್ನು ಕಟ್ಟೆಯ ಮೇಲೆಯೇ ಬಿಟ್ಟಿದ್ದಳು. ಊಟ ಮಾಡಿ ಹೋಗಿರಿ ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ. ಮುಂದೆ ನಾನೇ ಬೇರೆ ಕಡೆ ಬರೆಯುತ್ತೇನೆ, ನಿಮ್ಮವ್ವನ ಹೆಸರು ಹಾಕಿಯೇ ಬರೆಯುತ್ತೇನೆ ಎಂದೆ.

"ಕೆಲಸಾ ಬರೀರಿ. ಸುಣ್ಣ, ನಾಲಿಗಿ, ಎಲ್ಲಾ ಬರೀರಿ," ಎಂದಳು. "ಹೆಸರು ಬ್ಯಾಡ. ಆ ಹೆಸರು ನಿಮ್ಮ ಬಾಯಾಗ ಬ್ಯಾಡ್ರಿ ಅಕ್ಕಾರ."

ರಾಣೆಬೆನ್ನೂರಿನ ಬಸ್ಸು ಹಿಡಿಯಲು ಅವಳು ರಸ್ತೆಯ ಕಡೆ ನಡೆದಳು. ಅದಕ್ಕೇ ಇಲ್ಲಿ ಆ ಹೆಸರಿಲ್ಲ.